ಎಲ್ಲರಿಗೂ ಅನುಮತಿ

ವಸುಧಕ್ಕ, ಸರ್ವರಿನಲ್ಲಿ ಆ ಸಾಲು ಬರೆದದ್ದು ನೀವಲ್ಲ, ನಾನು. ಆರು ವರ್ಷ ಅದನ್ನು ನಿಮ್ಮಿಂದ ಮುಚ್ಚಿಟ್ಟೆ.

ಡೌನರ್ಸ್ ಗ್ರೋವ್‌ನ ಆ ಪುಟ್ಟ ಆಫೀಸಿನಲ್ಲಿ ನಾವು ಹಲ್ಲಿನ ಡಾಕ್ಟರುಗಳಿಗಾಗಿ ವೆಬ್‌ಸೈಟ್ ಕಟ್ಟುತ್ತಿದ್ದೆವು. ಮಕ್ಕಳನ್ನು ಬೆಳೆಸಿ, ಹದಿನಾಲ್ಕು ವರ್ಷಗಳ ಮೇಲೆ ನೀವು ಮತ್ತೆ ಕೆಲಸಕ್ಕೆ ಸೇರಿದ್ದಿರಿ. ದಾಖಲೆಗಳಿರುವ ಸರ್ವರ್ ನಿಮ್ಮ ಹೊಣೆ, ರೋಗಿಗಳು ನೋಡುವ ಪುಟಗಳು ನನ್ನವು. ಡಾಕ್ಟರುಗಳಿಗೆ ಸೈಟು ತೋರಿಸುವ ಡೆಮೊ ದಿನ ನೀವು ಕ್ಯಾಂಟನ್‌ನಲ್ಲಿ, ಮಗಳ ಮನೆಯಲ್ಲಿದ್ದಿರಿ. ಅವತ್ತೇ ನನ್ನ ಪುಟ ಖಾಲಿ — ಕೆಂಪಕ್ಷರದ ಎರರ್. ಒಂದು ಸೈಟು ಬೇರೊಂದು ಸರ್ವರಿನ ಮಾಹಿತಿ ಓದಬೇಕಾದರೆ ಆ ಸರ್ವರ್ ಒಪ್ಪಬೇಕು. ಇಲ್ಲದಿದ್ದರೆ ಬ್ರೌಸರ್ ತಡೆಯುತ್ತದೆ. ಫೋನಿನಲ್ಲಿ ನೀವು ಸ್ಪಷ್ಟವಾಗಿ ಹೇಳಿದಿರಿ:

"ನಮ್ಮ ಸೈಟಿನ ಅಡ್ರೆಸ್ ಒಂದೇ ಸೇರಿಸು ಕಣೋ. ಎಲ್ರಿಗೂ ಓಪನ್ ಮಾಡ್ಬೇಡ."

ಸರ್ವರ್ ಒಪ್ಪುವ ಸೈಟುಗಳ ಪಟ್ಟಿಗೆ ಸೇರಿಸಿದೆ, ಆಗಲಿಲ್ಲ. ವಿಳಾಸದ ಕೊನೆಯಲ್ಲಿ ಒಂದು ಸ್ಲ್ಯಾಶ್ ಹೆಚ್ಚಾಗಿತ್ತು, ಅಷ್ಟೇ — ಆಗ ಕಾಣಲಿಲ್ಲ. ಡೆಮೊಗೆ ಹತ್ತು ನಿಮಿಷ ಉಳಿದಿತ್ತು. ಯಾವ ಸೈಟು ಕೇಳಿದರೂ, ಲಾಗಿನ್ ಆದವರ ಮಾಹಿತಿಯನ್ನೂ ಕೊಡು ಎಂದು ಸರ್ವರಿಗೆ ಬರೆದುಬಿಟ್ಟೆ. ಡೆಮೊ ಚೆನ್ನಾಗಿ ನಡೆಯಿತು. ಸಂಜೆ ತೆಗೆಯೋಣ ಎಂದುಕೊಂಡವನು...

ಎರಡು ತಿಂಗಳ ನಂತರ, ಸೈಟಿನ ಭದ್ರತೆ ತಪಾಸಣೆಗೆ ಬಂದವರು ಅದನ್ನು ಹಿಡಿದರು. ರೋಗಿಗಳ ದಾಖಲೆಗಳನ್ನು ಯಾವ ಸೈಟು ಬೇಕಾದರೂ ಓದಬಹುದಿತ್ತು. ಸರ್ವರ್ ಯಾರದೆಂದು ಮ್ಯಾನೇಜರ್ ಕೇಳಿದಾಗ "ವಸುಧಾ" ಎಂದೆ. ಸುಳ್ಳಲ್ಲ — ನನ್ನ ಜಾಣತನ ಅದೇ. ನಾವಿಬ್ಬರೂ ಒಂದೇ ಲಾಗಿನ್ ಬಳಸುತ್ತಿದ್ದುದರಿಂದ ಬದಲಿಸಿದ್ದು ಯಾರೆಂದು ತಿಳಿಯುವಂತಿರಲಿಲ್ಲ. ಊಟದ ಹೊತ್ತಿನಲ್ಲಿ ನೀವು ಮೆಲ್ಲಗೆ ಕೇಳಿದಿರಿ:

"ನೀನೇನಾದ್ರೂ ಓಪನ್ ಮಾಡಿದ್ಯೇನೋ?"

"ಇಲ್ಲ ಅಕ್ಕ. ನೀವ್ ಹೇಳ್ದಂಗೇ ಮಾಡಿದ್ದೆ."

ನೀವು ನಂಬಿದಿರಿ. ಆ ಶುಕ್ರವಾರ ನಿಮ್ಮನ್ನು ಕೆಲಸದಿಂದ ತೆಗೆದರು. ನಿಮ್ಮ ಡಬ್ಬಿ, ಶಾಲು, ಎಲ್ಲ ಕಾರಿನವರೆಗೆ ನಾನೇ ಹೊತ್ತು ತಂದೆ.

ಹೋದ ತಿಂಗಳು, ನೀವೀಗ ಇರುವ ಕ್ಯಾಂಟನ್‌ಗೆ ನಾನು ಬಂದಿದ್ದಾಗ, ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿದಿರಿ. ಕೊತ್ತಂಬರಿ ಸೊಪ್ಪು ಆರಿಸುತ್ತಲೇ ಹೇಳಿದಿರಿ: "ಟೆಸ್ಟ್ ಮಾಡ್ವಾಗ ನಾನೇ ಓಪನ್ ಮಾಡಿ ಮರ್ತಿರ್ಬೇಕು ಕಣೋ. ಆಮೇಲೆ ಎಲ್ಲೂ ಅಪ್ಲೈ ಮಾಡೋಕ್ಕೂ ಧೈರ್ಯ ಬರ್ಲಿಲ್ಲ. ನನ್ ತಲೆ ಮೇಲೇ ನಂಗೆ ನಂಬ್ಕೆ ಹೋಯ್ತು."

ಆಗಲೂ "ಯಾರಿಗಾದ್ರೂ ಆಗತ್ತೆ ಬಿಡಿ ಅಕ್ಕ" ಎಂದು ನಿಮ್ಮನ್ನೇ ಸಮಾಧಾನ ಮಾಡಿದೆ. ಮೊದಲ ಸುಳ್ಳನ್ನು ಹೆದರಿ ಹೇಳಿದ್ದೆ. ಇದನ್ನು — ಯಾತಕ್ಕೆ ಹೇಳಿದೆನೋ.

ಮ್ಯಾನೇಜರಿಗೆ ನಿಜವನ್ನು ಬರೆದು ಕಳಿಸಿದ್ದೇನೆ. ಶನಿವಾರ ನಿಮ್ಮಲ್ಲಿಗೆ ಡ್ರೈವ್ ಮಾಡಿಕೊಂಡು ಬರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ. ನಿಮ್ಮೆದುರು ನಿಂತು ಇಷ್ಟನ್ನು ಹೇಳಬೇಕು — ನೀವು ಏನನ್ನೂ ಮರೆತಿರಲಿಲ್ಲ, ಅಕ್ಕ.