ಹೊಸ ಬ್ಯಾಟರಿ ಹಾಕಿಸಿ ತೀರ್ಥಹಳ್ಳಿಗೆ

ಸಾಗರದಿಂದ ಹತ್ತೂವರೆಗೆ ಹೊರಟೆವು. ಸ್ಟಿಯರಿಂಗ್ ಹಿಡಿದವಳು ನಾನು, ಪಕ್ಕದಲ್ಲಿ ಅಣ್ಣ. ತೀರ್ಥಹಳ್ಳಿಯಲ್ಲಿ ಕಾರಿನ ಹೊಗೆಯ ಎಮಿಷನ್ ಟೆಸ್ಟ್ ಮಾಡಿಸಿ ಚೀಟಿ ತರುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಕಾರಿಗೆ ಹದಿನೈದು ವರ್ಷ ತುಂಬಿತ್ತು. ಮರುದಿನ ಬೆಳಿಗ್ಗೆ ಆರ್‌ಟಿಓದಲ್ಲಿ ನೋಂದಣಿ ನವೀಕರಣ. ಚೀಟಿ ಇಲ್ಲದಿದ್ದರೆ ಗಾಡಿ ಮೂಲೆ ಸೇರಿದಂತೆಯೇ.

ನನ್ನ ಬಲಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿತ್ತು. ಬ್ರೇಕನ್ನೂ ಆಕ್ಸಿಲರೇಟರನ್ನೂ ಕೈಗೆ ಸಿಗುವಂತೆ ಮಾಡಿಸಿದ ಈ ಕಾರಿನಲ್ಲೇ ದಿನಾ ದೂರದ ಹಳ್ಳಿಯ ಶಾಲೆಗೆ ಪಾಠ ಮಾಡಲು ಹೋಗುತ್ತೇನೆ. ಮೊದಲೆಲ್ಲ ಅಣ್ಣನ ಬೈಕೇ ಗತಿ. ಅವನಿಗೆ ಬಿಡುವಾದಾಗ ಹೊರಡಬೇಕು, ಅವನು ಬಂದಾಗ ಮರಳಬೇಕು. ಆ ದಿನಗಳು ಮತ್ತೆ ಬರುವುದು ನನಗೆ ಬೇಡವಾಗಿತ್ತು.

ಬ್ಯಾಟರಿ ಸತ್ತು ಹೊಸದು ಹಾಕಿಸಿದ ಮಾರನೇ ದಿನವೇ ಸಾಗರದಲ್ಲಿ ಟೆಸ್ಟು ಫೇಲಾಗಿತ್ತು. ಬ್ಯಾಟರಿ ಬಿಚ್ಚಿದರೆ ಇಂಜಿನ್ನಿನ ಕಂಪ್ಯೂಟರು ಪೆಟ್ರೋಲಿನ ಹದದ ಬಗ್ಗೆ ಕಲಿತದ್ದೆಲ್ಲ ಮರೆತುಬಿಡುತ್ತದಂತೆ. ಅದು ಮತ್ತೆ ಕಲಿಯಲು ಏರಿಳಿತದ ರಸ್ತೆಯಲ್ಲಿ ಸಾಕಷ್ಟು ದೂರ ಓಡಿಸಿ, ಬಿಸಿ ಆರುವ ಮೊದಲೇ ಟೆಸ್ಟ್ ಮಾಡಿಸಿ ಎಂದಿದ್ದರು ಮೆಕ್ಯಾನಿಕ್. ಸಾಗರದ ಟೆಸ್ಟ್ ಕೇಂದ್ರಕ್ಕೆ ನಾವು ಹೊರಟ ದಿನ ರಜೆ. ಹಾಗಾಗಿ ಎಪ್ಪತ್ತು ಕಿಲೋಮೀಟರಿನ ಈ ದಾರಿ.

ದಾರಿಯಲ್ಲಿನ ಬಟ್ಟೆಮಲ್ಲಪ್ಪ ಊರಿನ ತನಕ ನಿಂತಲ್ಲೆಲ್ಲ ಇಂಜಿನ್ ಏದುಸಿರು ಬಿಡುತ್ತಿತ್ತು. ಹೊಸನಗರದಲ್ಲಿ ಅಣ್ಣ ಬನ್ಸ್ ಕಟ್ಟಿಸಿಕೊಂಡು ಬಂದ. ಆಫ್ ಮಾಡಲು ಧೈರ್ಯ ಸಾಲದೆ ಕೂತಲ್ಲೇ ತಿಂದೆ. ಅಲ್ಲಿಂದ ಮುಂದೆ ಸದ್ದು ಒಂದೇ ಹದಕ್ಕೆ ಬಂತು. ಜೀವ ಬಂದಂತಾಯಿತು.

ಒಂದೂಕಾಲಿಗೆ ತೀರ್ಥಹಳ್ಳಿ ಮುಟ್ಟಿದರೆ ಟೆಸ್ಟ್ ಮಾಡುವವರು ಊಟಕ್ಕೆ ಹೋಗಿದ್ದರು. ಎರಡೂವರೆಗೆ ಬರುತ್ತಾರೆಂದು ಪಕ್ಕದಂಗಡಿಯವರು ಹೇಳಿದರು. ಬೇರೆ ದಾರಿಯಿಲ್ಲದೆ ಆಫ್ ಮಾಡಿ ಎದುರಿನ ಹೋಟೆಲಿಗೆ ಹೋದೆವು. ಅಣ್ಣ ಗಬಗಬನೆ ಉಂಡು ಮೊದಲೇ ಎದ್ದ. ನಾನು ಬಂದು ಕೀ ತಿರುಗಿಸಿದೆ; ಕಾರಿನ ಗಡಿಯಾರ ಹನ್ನೆರಡು ತೋರಿಸಿತು. ಬ್ಯಾಟರಿ ಬಿಚ್ಚಿದಾಗಲೇ ಅದು ಹಾಗೆ ತೋರಿಸುವುದು.

"ಅಣ್ಣ, ಬಾನೆಟ್ ತೆಗ್ದಿದ್ಯಾ?"

"ಆಫ್ ಮಾಡಿದ್ರೂ ಫ್ಯಾನ್ ತಿರುಗ್ತಾನೇ ಇತ್ತು ಮಾರಾಯ್ತಿ. ಹೊಸ ಬ್ಯಾಟರಿ ಇಳಿದುಹೋಗುತ್ತೆ ಅಂತ ಅದರ ಟರ್ಮಿನಲ್ ವೈರ್ ಬಿಚ್ಚಿದ್ದೆ. ಈಗ ವಾಪಸ್ ಹಾಕಿದೀನಲ್ಲ."

ನಮ್ಮ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಗೆ ಎಲ್ಲರೂ ಹೀಗೆಯೇ ಮಾಡುತ್ತಾರೆ. ಅವನ ಕೈಗೆ ಅದೇ ರೂಢಿ. ಎಪ್ಪತ್ತು ಕಿಲೋಮೀಟರಿನ ಪಾಠ ಒಂದು ಸ್ಪ್ಯಾನರಿನಲ್ಲಿ ನೀರುಪಾಲಾಗಿತ್ತು. ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

"ಹೋಗ್ಲಿ ಬಿಡು ಸುಮಾ. ಪಾಸ್ ಆಗ್ದೇ ಇದ್ರೆ ಮೊದಲಿನ ಹಾಗೆ ದಿನಾ ನಾನೇ ಬಿಟ್ಟು ಬರ್ತೀನಿ."

"ನಂಗೆ ಅದೇ ಹೆದರಿಕೆ ಅಣ್ಣ."

ಅವನ ಮುಖ ಸಣ್ಣದಾಯಿತು. ಆಡಿದ ಮೇಲೆ ನನಗೂ ಸಂಕಟವಾಯಿತು, ಆದರೆ ಸುಳ್ಳನ್ನೇನೂ ಹೇಳಿರಲಿಲ್ಲ.

ಕೇಂದ್ರ ಐದೂವರೆಗೆ ಮುಚ್ಚುತ್ತದೆಂದು ಕೇಳಿಕೊಂಡು ಮೇಗರವಳ್ಳಿಯತ್ತ ತಿರುಗಿಸಿದೆ. ಹೋಗಿ ಬಂದರೆ ನಲವತ್ತು ಕಿಲೋಮೀಟರ್ ಆಗುತ್ತದೆ, ಅಷ್ಟು ಸಾಕಾಗುತ್ತದೋ ಇಲ್ಲವೋ ದೇವರೇ ಬಲ್ಲ. ಜಿಟಿಜಿಟಿ ಮಳೆ, ಎದುರಿಗೆ ಬಸ್ಸು, ಹಿಂದೆ ಹಾರ್ನು. ಮರಳಿ ಬಂದಾಗ ನಾಲ್ಕೂ ಮುಕ್ಕಾಲು. ಈ ಸಲ ಕೀಗೆ ಕೈ ಹಚ್ಚದೆ ಸೀದಾ ಕೇಂದ್ರದ ಮುಂದೆಯೇ ನಿಲ್ಲಿಸಿದೆ.

ಸೈಲೆನ್ಸರಿಗೆ ಕೊಳವೆ ತೂರಿಸಿದರು. ಪರದೆಯ ಅಂಕಿ ಮೇಲೇರಿತು, ಇಳಿಯಿತು, ಮತ್ತೆ ಏರಿತು. ಕೊನೆಗೆ ಅವರು "ಪಾಸು" ಎಂದು ಚೀಟಿಯನ್ನು ಅಣ್ಣನ ಕೈಗಿತ್ತರು. ಅವನು ಅದನ್ನು ಎರಡು ಸಲ ಓದಿದ. ಕಾರು ಹತ್ತಿ ಬೆಲ್ಟ್ ಹಾಕಿಕೊಂಡು ಮೆಲ್ಲಗೆ ಕೇಳಿದ:

"ನಾಳೆ ಆರ್‌ಟಿಓಗೆ ನಾನು ಬರ್ಬೇಕಾ?"

"ಬೇಡ. ಒಬ್ಳೇ ಹೋಗ್ತೀನಿ."

ತಲೆಯಾಡಿಸಿದ. ತನಗೆ ಉಳಿದ ಕೆಲಸ ಅದೊಂದೇ ಎಂಬಂತೆ, ಹೊಸನಗರ ದಾಟುವ ತನಕ ಚೀಟಿಯನ್ನು ನನಗೆ ಕೊಡಲಿಲ್ಲ.