ನಲವತ್ತಾರರ ವಿದ್ಯಾರ್ಥಿನಿಯ ಅರ್ಜಿ

ಬೀದಿಯವರೆಲ್ಲ ಟೈಲರಕ್ಕ ಎನ್ನುವ ಹೆಂಗಸು ನಲವತ್ತಾರನೆಯ ವಯಸ್ಸಿನಲ್ಲಿ ಕಾಲೇಜಿಗೆ ಸೇರಿದಳು. ಪಾಠ ಮಾಡಲು ಬಂದ ಮೇಡಂ ಇರಬೇಕೆಂದು ಮೊದಲ ದಿನ ಇಡೀ ತರಗತಿ ಎದ್ದು ನಿಂತಿತು. ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೋದಾಗ ಕಾಲೇಜಿನ ಗುಮಾಸ್ತರೂ ಎಡವಿದರು.

"ಮಗಳನ್ನ ಕಳ್ಸಿ ಅಮ್ಮ. ವಿದ್ಯಾರ್ಥಿನೇ ಬಂದು ಸಹಿ ಹಾಕ್ಬೇಕು."

"ವಿದ್ಯಾರ್ಥಿ ನಾನೇ ಸಾರ್."

ಗುಮಾಸ್ತರು ಕನ್ನಡಕ ಏರಿಸಿಕೊಂಡು ನಿಯಮಗಳನ್ನೆಲ್ಲ ಜಾಲಾಡಿದರು. ಆದಾಯಕ್ಕೆ ಮಿತಿಯಿತ್ತು, ವಯಸ್ಸಿಗೆ ಇರಲಿಲ್ಲ. "ಆದ್ರೂ ಪೋಷಕರ ಸಹಿ ಬೇಕೇ ಬೇಕು," ಎಂದು ಪಟ್ಟು ಹಿಡಿದರು.

ಮರುದಿನ ಟೈಲರಕ್ಕ ಎಂಬತ್ತು ದಾಟಿದ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಳು. ಹಿಂದೆ ಓದುವ ವಯಸ್ಸಿನಲ್ಲಿ, ತಮ್ಮಂದಿರನ್ನು ನೋಡಿಕೊಳ್ಳಲಿ ಎಂದು ಅವಳನ್ನು ಕಾಲೇಜಿನ ಹೊಸ್ತಿಲಲ್ಲೇ ತಡೆದವರು ಅವರೇ. ಆ ಬಗ್ಗೆ ಇಬ್ಬರೂ ಎಂದೂ ಮಾತೆತ್ತಿರಲಿಲ್ಲ.

ಸಹಿ ಮಾಡಿ ಅಪ್ಪ ತಲೆಯೆತ್ತಿದರು. "ತಡ ಆಗಿದ್ದು ನನ್ನಿಂದ ಸಾರ್, ಮಗುದೇನೂ ತಪ್ಪಿಲ್ಲ."

'ಮಗು' ಎಂದದ್ದು ಕೇಳಿ ಗುಮಾಸ್ತರಿಗೆ ನಗು ಬಂತು. ಟೈಲರಕ್ಕ ಅಪ್ಪನ ಕೈ ಹಿಡಿದು ಎಬ್ಬಿಸಿದಳು. "ಸಾಕು ನಡಿಯಪ್ಪ, ನಂಗೆ ಕ್ಲಾಸಿಗೆ ಹೊತ್ತಾಯ್ತು," ಎಂದು ಸುಮ್ಮನೆ ಗದರಿದಳು.

ಎರಡು ತಿಂಗಳಲ್ಲಿ ಅರ್ಜಿ ಮಂಜೂರಾಯಿತು. ಶುಲ್ಕದ ಚಿಂತೆ ಕಳೆದದ್ದರಿಂದ ಅವಳು ಸಂಜೆಯ ಹೊಲಿಗೆ ಬಿಟ್ಟು ಪುಸ್ತಕ ಹಿಡಿದು ಕೂತಳು. ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿ ಯಾರೂ ಟಿವಿ ಹಾಕಕೂಡದು ಎಂದು ಅಪ್ಪ ಕಟ್ಟಪ್ಪಣೆ ಹೊರಡಿಸಿದರು.