ಹುರುಳಿ ಸೊಪ್ಪಿನ ಬೆಂಕಿಗೆ ಓಡಿದ ಜೀಪು

ಎಂಬತ್ತರ ದಶಕದ ಆರಂಭದಲ್ಲಿ ನಾನು ಶಿರಾದ ಅಗ್ನಿಶಾಮಕ ಠಾಣೆಯಲ್ಲಿ ಸ್ಟೇಷನ್ ಆಫೀಸರ್ ಆಗಿದ್ದೆ. ಬೆಂಗಳೂರಿನಿಂದ ಪುಣೆ ಕಡೆಗೆ ಹೋಗುವ ಹೆದ್ದಾರಿ ನಮ್ಮ ಸರಹದ್ದಿನಲ್ಲೇ ಹಾದುಹೋಗುತ್ತಿತ್ತು. ಮಧುಗಿರಿ, ಪಾವಗಡದ ಕಡೆಯಿಂದ ಕರೆ ಬಂದರೂ ಎಷ್ಟೋ ಸಲ ನಾವೇ ಓಡಬೇಕು. ಇಷ್ಟಕ್ಕೆಲ್ಲ ಇದ್ದದ್ದು ಒಂದೇ ವಾಟರ್ ಟೆಂಡರ್. ಅಂದರೆ ನೀರಿನ ಟ್ಯಾಂಕ್ ಹೊತ್ತ ದೊಡ್ಡ ಲಾರಿ. ಜನ ಫೈರ್ ಇಂಜಿನ್ ಅನ್ನುವುದು ಅದನ್ನೇ. ಬಣವೆಗೋ ಅಂಗಡಿಗೋ ಬೆಂಕಿ ಬಿದ್ದರೆ ಅದರಂಥ ಗಾಡಿ ಇನ್ನೊಂದಿಲ್ಲ, ಒಪ್ಪುತ್ತೇನೆ. ಹೆದ್ದಾರಿ ಅಪಘಾತದಲ್ಲಿ ಮಾತ್ರ ಅದರದ್ದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ. ಆಗಿನ ರಸ್ತೆ ಕಿರಿದು. ಒಂದು ಲಾರಿ ಅಡ್ಡ ಬಿತ್ತೆಂದರೆ ಹಿಂದೆ ಸಾಲುಗಟ್ಟಿ ಲಾರಿಗಳು ನಿಲ್ಲುತ್ತಿದ್ದವು. ನಮ್ಮ ಟೆಂಡರ್ ಆ ಸಾಲಿನ ಬಾಲದಲ್ಲಿ ಗಂಟೆ ಬಾರಿಸುತ್ತಾ ನಿಂತಿರುತ್ತಿತ್ತು. ಮುಂದೆ ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡವರು ಅದೇ ಗಂಟೆ ಕೇಳುತ್ತಾ ಪ್ರಾಣ ಬಿಡುತ್ತಿದ್ದರು.

ಠಾಣೆಯಲ್ಲಿ ಅಧಿಕಾರಿಗಳ ಓಡಾಟಕ್ಕೆಂದು ಒಂದು ಜೀಪಿತ್ತು. ಅದರ ಹಿಂದಿನ ಸೀಟು ಕಿತ್ತು ಒಂದು ಡ್ರಮ್ ನೀರು, ಇಬ್ಬರು ಎತ್ತಬಹುದಾದ ಸಣ್ಣ ಪಂಪು, ಒಂದಷ್ಟು ಹೋಸ್ ಪೈಪು, ಲಾರಿ ಎತ್ತುವ ಜಾಕ್, ಹಾರೆ, ಕಬ್ಬಿಣ ಕೊಯ್ಯುವ ಗರಗಸ ಜೋಡಿಸಿದೆವು. ಜೀಪಿನ ಡ್ರೈವರ್ ಮೆಹಬೂಬ್ ಶಿರಾದವನೇ. "ಸಾಬ್, ಇದು ಈಗ ಬಕ್ರೀ, ಮೇಕೆ ಥರ, ಎಲ್ಲಿ ಬೇಕಾದ್ರೂ ಹತ್ತುತ್ತೆ" ಅಂತ ಬಾನೆಟ್ಟು ತಟ್ಟಿದ. ನಮ್ಮ ಮೇಲಧಿಕಾರಿಗೆ ಮಾತ್ರ ಇದನ್ನು ಕಂಡು ಮೈಯೆಲ್ಲ ಉರಿಯಿತು. ಜೀಪು ಅಗ್ನಿಶಾಮಕ ವಾಹನ ಅಂತ ಯಾವ ನಿಯಮದಲ್ಲಿದೆ ಎಂದು ಕೇಳಿದರು. ಕೂಡಲೇ ಎಲ್ಲ ಬಿಚ್ಚಿ, ಸೀಟು ಹಾಕಿ ಅಂದರು. ನಾನು "ಆಗಲಿ ಸಾರ್" ಅಂದೆ, ಬಿಚ್ಚಲಿಲ್ಲ.

ಸುಗ್ಗಿಯ ಒಂದು ಮಧ್ಯಾಹ್ನ ಅವರು ತಪಾಸಣೆಗೆ ಬಂದು, ಬಿಚ್ಚದ ಜೀಪಿನ ಮುಂದೆ ನಿಂತು ನನಗೆ ಮಂಗಳಾರತಿ ಎತ್ತುತ್ತಿದ್ದರು. ಆಗಲೇ ಹೆದ್ದಾರಿಯ ಪೆಟ್ರೋಲ್ ಬಂಕಿನಿಂದ ಫೋನು ಬಂತು. ಲಾರಿಯೊಂದು ಮರಕ್ಕೆ ಗುದ್ದಿದೆ, ಅಡಿಯಲ್ಲಿ ಬೆಂಕಿ, ಡ್ರೈವರ್ ಒಳಗೆ ಸಿಕ್ಕಿಕೊಂಡಿದ್ದಾನೆ.

ಟೆಂಡರ್ ಹೊರಟಿತು. ನಾನು ಜೀಪು ಹತ್ತಿದೆ.

"ಜೀಪು ಗೇಟು ದಾಟಕೂಡದು. ಇದು ನನ್ನ ಆರ್ಡರ್" ಅಂದರು ಮೇಲಧಿಕಾರಿ.

"ಸಾರ್, ಸಸ್ಪೆಂಡ್ ಮಾಡೋದಾದ್ರೆ ಆರ್ಡರ್ ಟೈಪ್ ಮಾಡಿಸ್ತಾ ಇರಿ. ಅಷ್ಟರಲ್ಲಿ ಹೋಗಿ ಬಂದ್ಬಿಡ್ತೀನಿ" ಅಂದೆ. ಮೆಹಬೂಬ್ ನನ್ನ ಮಾತು ಮುಗಿಯುವುದಕ್ಕೂ ಕಾಯದೆ ಕ್ಲಚ್ ಬಿಟ್ಟಿದ್ದ.

ನಮ್ಮ ಸೀಮೆಯಲ್ಲಿ ಸುಗ್ಗಿಗೆ ಡಾಂಬರು ರಸ್ತೆಯೇ ಕಣ. ಕಿತ್ತ ಹುರುಳಿ ಗಿಡವನ್ನು ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಹೋಗಿ ಬರುವ ಲಾರಿಗಳೇ ತುಳಿದು ಕಾಳು ಉದುರಿಸಬೇಕು. ಕಾಳು ಬಿಡಿಸಲು ಕಲ್ಲಿನ ಗುಂಡು ಎಳೆಯುವ ಎತ್ತೂ ಬೇಡ, ಆಳೂ ಬೇಡ. ಆದರೆ ಒಣಗಿದ ಬಳ್ಳಿ ಲಾರಿಯಡಿ ತಿರುಗುವ ಶಾಫ್ಟಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಅವತ್ತು ಆದದ್ದೂ ಅದೇ. ಹೊಗೆ ಕಂಡು ಗಾಬರಿಯಾದ ಡ್ರೈವರ್ ರಸ್ತೆ ಪಕ್ಕದ ಹುಣಸೆ ಮರಕ್ಕೆ ಗುದ್ದಿದ್ದ.

ಅಂದುಕೊಂಡ ಹಾಗೆ ಟೆಂಡರ್ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತ್ತು. ಮೆಹಬೂಬ್ ಜೀಪನ್ನು ಹೊಲಕ್ಕಿಳಿಸಿ, ಬದು ಹಾರಿಸಿ, ಲಾರಿಯ ಮಗ್ಗುಲಿಗೇ ತಂದು ನಿಲ್ಲಿಸಿದ. ಡ್ರೈವರ್ ನಾಗಪ್ಪ ಪಾವಗಡದ ಕಡೆಯವನು. ಕಾಲು ಸ್ಟೇರಿಂಗಿನ ಕೆಳಗೆ ಜಜ್ಜಿಹೋಗಿತ್ತು. "ವದಿಲಿ ಪೋವದ್ದು ಸಾರ್, ಬಿಟ್ಟು ಹೋಗ್ಬೇಡಿ ಸಾರ್" ಅಂತ ನನ್ನ ತೋಳು ಹಿಡಿದವನು ಬಿಡಲೊಲ್ಲ.

"ಬಿಟ್ಟು ಹೋಗೋದಕ್ಕೆ ಇಷ್ಟು ದೂರ ಬರಬೇಕಿತ್ತೇನೋ? ಸುಮ್ನಿರು" ಅಂತ ಗದರಿದೆ.

ಮೆಹಬೂಬ್ ಪಂಪು ಹಚ್ಚಿ ಡೀಸೆಲ್ ಟ್ಯಾಂಕಿನ ಸುತ್ತ ನೀರು ಹೊಡೆದ. ಜ್ವಾಲೆ ತಗ್ಗಿತು, ಡ್ರಮ್ಮೂ ಖಾಲಿಯಾಯಿತು. ಲಾರಿಯಡಿ ರಾಶಿಬಿದ್ದ ಸೊಪ್ಪು ಮಾತ್ರ ಒಳಗೊಳಗೇ ಕನಲುತ್ತಿತ್ತು. ಅದನ್ನು ಎಳೆದು ಹಾಕದಿದ್ದರೆ ಮತ್ತೆ ಹೊತ್ತಿ ಟ್ಯಾಂಕಿಗೆ ಹಿಡಿಯುವುದು ಖಂಡಿತ. ನಾವಿಬ್ಬರೂ ನಾಗಪ್ಪನ ಕಾಲು ಬಿಡಿಸುವುದೋ, ಸೊಪ್ಪು ಎಳೆಯುವುದೋ?

ಆಚೆ ಕಡೆ ಹುರುಳಿಯ ಒಡತಿ ಕರಿಯಮ್ಮ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಉಳಿದ ಸೊಪ್ಪನ್ನು ಕೊಕ್ಕೆಗೋಲಿನಿಂದ ಹೊಲಕ್ಕೆ ಎಳೆಯುತ್ತಿದ್ದಳು. "ಬೇಗ ಎಳೀರ್ಲಾ, ಪೋಲೀಸ್ನೋರು ಬಂದ್ರೆ ಎಲ್ರನ್ನೂ ಹಿಡ್ಕೊಂಡೋಯ್ತಾರೆ!"

"ಅಮ್ಮಾ, ಕೇಸು ಗೀಸು ನಾನು ನೋಡ್ಕೊತೀನಿ. ನಿಮ್ಮ ಹೆಸರು ನನ್ನ ಬಾಯಲ್ಲಿ ಬರಲ್ಲ. ಇಲ್ಲೊಬ್ಬ ಸಾಯ್ತಾ ಇದಾನೆ, ಆ ಕೋಲು ತಗೊಂಡು ಬನ್ನಿ!" ಅಂತ ಕೂಗಿದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹುರುಳಿ ಹಾಳಾಗೋಗ್ಲಿ ಬುಡ್ರಲಾ, ಬರ್ರಲೇ ಇಲ್ಲಿ!" ಅಂತ ತಾನೇ ಮುಂದೆ ನುಗ್ಗಿದಳು. ಉದ್ದನೆಯ ಕೋಲುಗಳು ಲಾರಿಯಡಿ ಹೋಗಿ ಕೆಂಡಗಟ್ಟಿದ ಸೊಪ್ಪನ್ನು ಎಳೆದೆಳೆದು ಹಾಕಿದವು. ಇತ್ತ ನಾವು ಜಾಕ್ ಕೊಟ್ಟು ತಗಡು ಎತ್ತಿ, ಸ್ಟೇರಿಂಗಿನ ಸರಳು ಕೊಯ್ದು ನಾಗಪ್ಪನನ್ನು ಹೊರಗೆಳೆದು, ದೂರದ ಇನ್ನೊಂದು ಮರದಡಿ ಮಲಗಿಸಿದೆವು. ಅಷ್ಟರಲ್ಲಿ ಇಂಜಿನ್ನಿನ ಕಡೆ ಅಡಗಿದ್ದ ಕಿಡಿ ಕ್ಯಾಬಿನ್ನಿಗೇ ಹತ್ತಿತು. ಎಲ್ಲರೂ ದೂರ ಓಡಿದೆವು. ಟೆಂಡರ್ ದಾರಿ ಬಿಡಿಸಿಕೊಂಡು ಬಂದದ್ದು ಆಮೇಲೆ. ಲಾರಿಯ ಕಡಲೆಕಾಯಿ ಮೂಟೆಗಳನ್ನು ಉಳಿಸಿದ್ದು ಅದೇ, ಸುಳ್ಳು ಹೇಳಬಾರದು.

ನನಗೆ ಮೆಮೋ ಬಂತು, ವಿಚಾರಣೆ ನಡೆಯಿತು. ರಸ್ತೆಗೆ ಹುರುಳಿ ಹಾಸಿದವರ ಹೆಸರು ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ಇಲ್ಲಿಗೆ ಮುಗಿಸುತ್ತೇನೆ ಅಂದರು ಮೇಲಧಿಕಾರಿ.

"ತಪ್ಪು ಮಾಡಿಲ್ಲ ಸಾರ್. ನಾಳೆ ಫೋನು ಬಂದ್ರೂ ಹೀಗೇ ಮಾಡ್ತೀನಿ."

ಸಾಕ್ಷಿಗೆ ಕರೆಸಿದ್ದ ನಾಗಪ್ಪ ಊರುಗೋಲು ಹಿಡಿದು ಕೂತಿದ್ದ. ಮೇಲಧಿಕಾರಿ ಅವನ ಕಡೆ ತಿರುಗಿ, "ಹೇಗೂ ಹಿಂದೆಯೇ ಫೈರ್ ಇಂಜಿನ್ ಬಂತಲ್ಲಪ್ಪ. ಅದೇ ನಿನ್ನ ಉಳಿಸ್ತಿತ್ತು, ಅಲ್ವಾ?" ಅಂದರು.

"ಇಂಜಿನ್ ಬಂದಿದ್ದು ನಾನೂ ನೋಡಿದೆ ಸಾರ್, ಮರದ ಕೆಳಗೆ ಮಲಗ್ಕೊಂಡು" ಅಂದ ನಾಗಪ್ಪ. "ಅದು ಮೊದಲು ನೀರು ಹೊಡೆದಿದ್ದು ನನ್ನ ಸೀಟಿಗೆ. ಸೀಟು ಉರೀತಿತ್ತು."

ಮುಂದಿನ ವಾರ ನನಗೆ ವರ್ಗಾವಣೆಯಾಯಿತು. ಆದೇಶ ತಗೊಂಡೆ, ಕ್ಷಮಾಪಣೆ ಕೊಡಲಿಲ್ಲ, ನಿವೃತ್ತನಾಗುವವರೆಗೂ ಕೊಡಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಏನು ಕಲಿತಿರಿ ಎಂದು ಕೇಳಿದರೆ ನಾನು ಹೇಳುವುದು ಇಷ್ಟೇ: ಗಾಡಿ ದೊಡ್ಡದೋ ಚಿಕ್ಕದೋ ಅಂತ ನೋಡುತ್ತಾ ನಿಲ್ಲಬೇಡಿ. ಬೆಂಕಿಯೊಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಾದ ಮೇಲೆ, ಬೇಗ ತಲುಪುವ ಗಾಡಿ ಹತ್ತಿ ಹೊರಡಿ. ಮೆಮೋಗೆ ಉತ್ತರ ಆಮೇಲೆ ಕೊಡಬಹುದು.